ನಾಲ್ಕೇ ಟ್ರ್ಯಾಕ್‌ನಲ್ಲಿ ಮೊದಲ ಆಲ್ಬಂ

ಹತ್ತು ಹಾಡಿನ, 34 ನಿಮಿಷದ ನನ್ನ ಮೊದಲ ಆಲ್ಬಂ ಪೂರ್ತಿ ಟ್ಯಾಸ್ಕಮ್ 424 ಎಂಬ, ಒಂದೇ ಟೇಪಿನಲ್ಲಿ ನಾಲ್ಕು ದನಿ ಬೇರೆ ಬೇರೆಯಾಗಿ ಹಿಡಿಯುವ ಕ್ಯಾಸೆಟ್ ಫೋರ್‌ಟ್ರ್ಯಾಕ್‌ನಲ್ಲಿ ಆಯಿತು. ಆಲ್ಟ್-ಕಂಟ್ರಿಯಲ್ಲಿ, ಅಂದರೆ ಅಮೆರಿಕದ ಕಂಟ್ರಿ ಸಂಗೀತದ ಮುಖ್ಯಧಾರೆಯಾಚೆಯ ಕವಲಿನಲ್ಲಿ, ಇದು ಹಳೆಯ ದಾರಿ. ಅಮೆರಿಕದ ಗಾಯಕ ಬ್ರೂಸ್ ಸ್ಪ್ರಿಂಗ್‌ಸ್ಟೀನ್ 1982ರ 'ನೆಬ್ರಾಸ್ಕಾ' ಆಲ್ಬಂ ಅನ್ನು ಇಂಥದ್ದೇ ಟ್ಯಾಸ್ಕಮ್ 144 ಮತ್ತು ಎರಡು ಶ್ಯೂರ್ ಎಸ್ಎಂ57 ಮೈಕ್ ಇಟ್ಟುಕೊಂಡು ಧ್ವನಿಮುದ್ರಿಸಿದ್ದರು. ಜಾನಪದ ಧಾಟಿಯ ಅಮೆರಿಕನ್ ಗಾಯಕ ಐರನ್ ಅಂಡ್ ವೈನ್‌ನ 2002ರ ಚೊಚ್ಚಲ ಆಲ್ಬಂ ಕೂಡ ಮನೆಯ ಫೋರ್‌ಟ್ರ್ಯಾಕ್‌ನದ್ದೇ.

ಟೇಪು ಕ್ರೋಮ್ ಬಗೆಯ ಸಿ-60 (ಎರಡೂ ಬದಿ ಸೇರಿ 60 ನಿಮಿಷದ್ದು) ಇರಲಿ. ಸೆಕೆಂಡಿಗೆ 9.5 ಸೆಂ.ಮೀ.ನ ಇಮ್ಮಡಿ ವೇಗದಲ್ಲಿ ಓಡಿಸಿದರೆ ಸಿಗುವುದು 15 ನಿಮಿಷ, ಅದೂ ಒಂದೇ ದಿಕ್ಕಿನಲ್ಲಿ, ನಾಲ್ಕು ಟ್ರ್ಯಾಕ್ ಎರಡೂ ಬದಿಯನ್ನು ತುಂಬುವುದರಿಂದ. ಸಿ-90ರ ಟೇಪು ತೆಳು. ಪದೇ ಪದೇ ಹಿಂದೆ ಮುಂದೆ ಸುತ್ತಿದರೆ ಎಳೆದುಕೊಂಡು ಶ್ರುತಿ ಅಲ್ಲಾಡುತ್ತದೆ. ಕೂರುವ ಮುನ್ನ ಟೇಪು ಓದುವ ಹೆಡ್ಡನ್ನು ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಒರೆಸಿ. ಕೊಳೆ ಕೂತರೆ ಮೊದಲು ಸಾಯುವುದು ತಾರಸ್ವರದ ಹೊಳಪು. ಟೇಪಿನ ವೇಗ ತಿದ್ದುವ ಪಿಚ್ ಗುಂಡಿ ನಡುವಿನಲ್ಲೇ ಇದೆಯೇ ನೋಡಿ. ಸರಿದಿದ್ದರೆ ನಾಳೆ ನುಡಿಸುವ ಲ್ಯಾಪ್ ಸ್ಟೀಲ್ (ತೊಡೆಯ ಮೇಲಿಟ್ಟು ಉಕ್ಕಿನ ಸರಳು ಜಾರಿಸಿ ನುಡಿಸುವ ಗಿಟಾರ್) ಇವತ್ತಿನ ಗಿಟಾರಿಗೆ ಕೂಡುವುದಿಲ್ಲ.

ಗಿಟಾರಿಗೆ ಹಳೇ ತಂತಿ, ಒಂದು ಸ್ವರ ಇಳಿಸಿದ ಶ್ರುತಿ. ಎಸ್ಎಂ57 ಹನ್ನೆರಡನೇ ಫ್ರೆಟ್ಟಿಗೆ ಮುಖಮಾಡಿ 20 ಸೆಂ.ಮೀ. ದೂರ. ಗಿಟಾರಿನ ಬಾಯಿಗೇ ಹಿಡಿದರೆ ಗುಂಯ್ ಎನ್ನುವ ತಗ್ಗು ದನಿಯೇ ತುಂಬಿಕೊಳ್ಳುತ್ತದೆ. ಫ್ಯಾನ್ ಆರಿಸಿ, ಬೆನ್ನ ಹಿಂದೆ ಎರಡು ಕೌದಿ ತೂಗುಹಾಕಿ.

ಯಂತ್ರದೊಳಗೆ ಸದ್ದು ತಗ್ಗಿಸುವ ಸರ್ಕಿಟ್ ಡಿಬಿಎಕ್ಸ್ ಆಫ್. ಅದು ಹಿಸ್, ಅಂದರೆ ಟೇಪಿನ ಸುಯ್ ಸದ್ದು, ತೆಗೆಯುತ್ತದೆ ನಿಜ, ಆದರೆ ತಂತಿಯ ದನಿ ಆರುತ್ತಾ ಬಂದಂತೆ ಹಿಂದಿನ ಸದ್ದೂ ಏರಿಳಿಯುತ್ತದೆ, ಯಾರೋ ಉಸಿರಾಡಿದ ಹಾಗೆ. ಮೆಲ್ಲನೆಯ ಹಾಡಿಗೆ ಅದು ವಿಷ. ಬದಲಿಗೆ ಹಿಸ್ ಅಡಗುವಂತೆ ಗಿಟಾರಿನ ಮಟ್ಟವನ್ನು ಮೀಟರಿನ +3ರವರೆಗೆ ತಳ್ಳಿ. ಹಾಡುವ ದನಿಗೆ ಮಾತ್ರ 0 ದಾಟಬೇಡಿ. 'ಸ', 'ಶ' ಟೇಪಿನಲ್ಲಿ ಒಡೆದು ಚೂರಾಗುತ್ತವೆ. ಬಾಯಿಗೆ 10 ಸೆಂ.ಮೀ., ಮೈಕ್ ಕೊಂಚ ಓರೆ, ಪಕ್ಕದಲ್ಲಿರುವವರಿಗೆ ಹೇಳುವಷ್ಟೇ ದನಿ.

ಅತಿ ಕಷ್ಟದ್ದು ಬೌನ್ಸ್, ಅಂದರೆ ತುಂಬಿದ ಟ್ರ್ಯಾಕ್‌ಗಳನ್ನು ಒಂದಕ್ಕೆ ಕೂಡಿಸಿ ಜಾಗ ಬಿಡಿಸಿಕೊಳ್ಳುವುದು. 1, 2, 3ರಲ್ಲಿ ಗಿಟಾರ್, ಬಾಸ್, ಎರಡನೇ ಗಿಟಾರ್ ತುಂಬಿ 4ಕ್ಕೆ ಕೂಡಿಸಿದ ಮೇಲೆ ಮೊದಲ ಮೂರರ ಮೇಲೆ ಹಾಡು, ಜೊತೆದನಿ, ಲ್ಯಾಪ್ ಸ್ಟೀಲ್. ಅಳಿಸಿದ ಮೇಲೆ ಬಾಸ್ ಹೆಚ್ಚಾಯಿತು ಅಂದರೆ ದಾರಿಯಿಲ್ಲ. ಹೆಡ್‌ಫೋನ್ ಬಿಟ್ಟು ಸಣ್ಣ ಸ್ಪೀಕರಿನಲ್ಲಿ ಕೇಳಿ ತೀರ್ಮಾನಿಸಿ. ಕೂಡಿಸಿದಾಗ ಹೊಳಪು ಮಂಕಾಗುವುದರಿಂದ ಗಿಟಾರಿನ ಟ್ರೆಬಲ್ ಮುಂಚೆಯೇ ತುಸು ಹೆಚ್ಚಿಸಿ. ಒಂದಕ್ಕಿಂತ ಹೆಚ್ಚು ಬೌನ್ಸ್ ಬೇಡ. ಎರಡನೆಯದರಲ್ಲಿ ಗಿಟಾರ್ ಕಂಬಳಿ ಹೊದ್ದ ಹಾಗಾಗುತ್ತದೆ.

ಸ್ಟೀಲ್ ಸಾಲಿನ ಕೊನೆಯಲ್ಲಿ ಮಾತ್ರ ಬರಲಿ, ವಾಲ್ಯೂಮ್ ಪೆಡಲಿನಲ್ಲಿ ಮೆಲ್ಲಗೆ ಎಬ್ಬಿಸಿ. ಪದದ ಮೇಲೆ ಬಂದರೆ ಹಾಡಿನ ದುಃಖವನ್ನು ಅದೇ ಕಸಿದುಕೊಳ್ಳುತ್ತದೆ.

ಕೊನೆಗೆ ಕಂಪ್ಯೂಟರಿಗೆ ಇಳಿಸುವಾಗ ಹಾಡುಗಳ ನಡುವೆ ಪೂರ್ತಿ ಮೌನ ಇಡಬೇಡಿ. ಹಿಸ್ ಥಟ್ಟನೆ ನಿಂತರೆ ಕಿವಿ ಬೆಚ್ಚುತ್ತದೆ. ಅದೇ ಯಂತ್ರದಲ್ಲಿ, ಅದೇ ಟೇಪಿನಲ್ಲಿ ಹತ್ತು ಸೆಕೆಂಡು ಬರೀ ಹಿಸ್ ಹಿಡಿದಿಟ್ಟುಕೊಂಡು ಆ ಜಾಗಗಳಲ್ಲಿ ಹಾಸಿ.