ಟಿವಿಗೆ ಸ್ಟ್ರೀಮಿಂಗ್ ಸ್ಟಿಕ್: ಆರಿಸುವುದು, ಸಿಕ್ಕಿಸುವುದು, ಸರಿಪಡಿಸುವುದು

ಹಳೆಯ ಎಲ್‌ಇಡಿ ಟಿವಿಯ ಪರದೆ ಇನ್ನೂ ಚೆನ್ನಾಗಿದ್ದರೆ, ಒಟಿಟಿ ನೋಡಲೆಂದೇ ಹೊಸ ಟಿವಿ ಕೊಳ್ಳಬೇಕಾಗಿಲ್ಲ. ಇರುವುದು ಸ್ಮಾರ್ಟ್ ಟಿವಿಯೇ ಆಗಿದ್ದು, ಕೆಲವು ವರ್ಷಗಳಲ್ಲಿ ನಿಧಾನವಾಗಿ, ಆ್ಯಪ್‌ಗಳು ಅಪ್‌ಡೇಟ್ ಆಗುವುದು ನಿಂತಿದ್ದರೂ ಅಷ್ಟೆ. ಹಿಂದೆ ಸಿಕ್ಕಿಸುವ ಒಂದು ಸ್ಟಿಕ್ ಸಾಕು. ಆದರೆ ಯಾವ ಸ್ಟಿಕ್ ಎಂದು ಹುಡುಕುವ ಮೊದಲು ಟಿವಿಯ ಹಿಂಭಾಗ, ಟಿವಿ ಇರುವ ಜಾಗದ ವೈಫೈ, ಮನೆಯವರು ನೋಡುವ ಆ್ಯಪ್‌ಗಳು, ಈ ಮೂರನ್ನು ನೋಡಿಕೊಳ್ಳಿ. ಸ್ಟಿಕ್ ಕೆಟ್ಟಿದೆ ಎಂದುಕೊಳ್ಳುವ ಎಷ್ಟೋ ತೊಂದರೆಗಳು ಕರೆಂಟು ಸಾಲದ್ದಕ್ಕೆ, ಸಿಗ್ನಲ್ ಸಾಲದ್ದಕ್ಕೆ ಅಥವಾ ಪ್ಲ್ಯಾನ್ ಹೊಂದದ್ದಕ್ಕೆ ಬಂದಿರುತ್ತವೆ.

ಟಿವಿಯ ಹಿಂದೆ ಏನಿದೆ

ಮೊದಲು ಬೇಕಾದದ್ದು ಖಾಲಿ ಎಚ್‌ಡಿಎಂಐ ಕಿಂಡಿ. ಒಂದರ ಪಕ್ಕದಲ್ಲಿ ಎಆರ್‌ಸಿ ಎಂದು ಬರೆದಿದ್ದರೆ ಅದನ್ನು ಸೌಂಡ್‌ಬಾರ್‌ಗೆ ಬಿಟ್ಟು ಸ್ಟಿಕ್ ಅನ್ನು ಇನ್ನೊಂದಕ್ಕೆ ಹಾಕಿ. ಹಳೆಯ 4ಕೆ ಟಿವಿಗಳಲ್ಲಿ ಎಲ್ಲ ಕಿಂಡಿಗಳೂ ಒಂದೇ ತರ ಇರುವುದಿಲ್ಲ. 4ಕೆ ಚಿತ್ರವನ್ನು ಸೆಕೆಂಡಿಗೆ 60 ಫ್ರೇಮಿನಂತೆ ದಾಟಿಸಲು ಎಚ್‌ಡಿಎಂಐ 2.0 ಬೇಕು, ಹಣ ಕೊಟ್ಟು ನೋಡುವ 4ಕೆ ಸಿನಿಮಾಕ್ಕೆ ಕಾಪಿ ತಡೆಯುವ ಎಚ್‌ಡಿಸಿಪಿ 2.2 ವ್ಯವಸ್ಥೆ ಬೇಕು. ಇದು ಇರುವ ಕಿಂಡಿ ಯಾವುದೆಂದು ಟಿವಿಯ ಕೈಪಿಡಿಯಲ್ಲಿ ಅಥವಾ ಕಿಂಡಿಯ ಪಕ್ಕದಲ್ಲೇ ಬರೆದಿರುತ್ತದೆ.

32 ಇಂಚಿನ ಎಚ್‌ಡಿ ಟಿವಿಗೆ 4ಕೆ ಸ್ಟಿಕ್ ಹಾಕಿದರೆ ಚಿತ್ರವೇನೂ 4ಕೆ ಆಗದು. ಆದರೂ ಅಂಥ ಮನೆಗೂ 2 ಜಿಬಿ ರ‍್ಯಾಮ್ ಇರುವ ಸ್ಟಿಕ್ಕೇ ಒಳ್ಳೆಯದು. 1 ಜಿಬಿಯದು ಮೊದಲ ತಿಂಗಳು ಚೆನ್ನಾಗಿಯೇ ಓಡುತ್ತದೆ. ಏಳೆಂಟು ಆ್ಯಪ್ ಸೇರಿದ ಮೇಲೆ ರಿಮೋಟ್ ಒತ್ತಿ ಕಾಯುತ್ತಾ ಕೂರಬೇಕಾಗುತ್ತದೆ. 4ಕೆ ಎಂದು ಬರೆದದ್ದಕ್ಕೆಲ್ಲ 2 ಜಿಬಿ ಇರುತ್ತದೆ ಎಂದುಕೊಳ್ಳಬೇಡಿ, ಡಬ್ಬಿಯ ಮೇಲಿನ ವಿವರ ಓದಿ. ಸಂಗ್ರಹ ಜಾಗ 8 ಜಿಬಿ ಎಂದಿದ್ದರೆ ಅದರಲ್ಲಿ ದೊಡ್ಡ ಪಾಲು ಸಿಸ್ಟಮ್‌ಗೇ ಹೋಗಿರುತ್ತದೆ.

ಹಳೆಯ ಡಬ್ಬಾ ಟಿವಿಗೆ ಎಚ್‌ಡಿಎಂಐಯಿಂದ ಎವಿಗೆ ಬದಲಿಸುವ ಕನ್ವರ್ಟರ್ ಸಿಗುತ್ತದೆ. ಎವಿಯಿಂದ ಎಚ್‌ಡಿಎಂಐಗೆ ಬದಲಿಸುವುದೂ ನೋಡಲು ಹಾಗೆಯೇ ಇರುತ್ತದೆ, ತಪ್ಪಿ ಅದನ್ನು ತರಬೇಡಿ. ಸರಿಯಾದದ್ದನ್ನು ತಂದರೂ ಅದಕ್ಕೆ ಬೇರೆ 5 ವೋಲ್ಟ್ ಕರೆಂಟು ಬೇಕು, ಮೆನುವಿನ ಅಕ್ಷರ ಓದಲಾಗದಷ್ಟು ಸಣ್ಣದಾಗುತ್ತದೆ, ಕೆಲವು ಆ್ಯಪ್‌ಗಳಲ್ಲಿ ಕಾಪಿ ತಡೆಯುವ ವ್ಯವಸ್ಥೆ ಒಪ್ಪದೆ ಪರದೆ ಕಪ್ಪಾಗುತ್ತದೆ. ಆ ದುಡ್ಡನ್ನು ಉಳಿಸಿಕೊಳ್ಳುವುದೇ ವಾಸಿ.

ಇಂಟರ್‌ನೆಟ್ ಎಷ್ಟು ಬೇಕು

ನೆಟ್‌ಫ್ಲಿಕ್ಸ್ ಹೇಳುವ ಲೆಕ್ಕ ಹೀಗಿದೆ: 720ಪಿಗೆ 3 ಎಂಬಿಪಿಎಸ್, ಫುಲ್ ಎಚ್‌ಡಿಗೆ 5, 4ಕೆಗೆ 15. ಬೇರೆ ಆ್ಯಪ್‌ಗಳಿಗೂ ಇದನ್ನೇ ಅಳತೆಗೋಲಾಗಿ ಹಿಡಿಯಬಹುದು. 40 ಎಂಬಿಪಿಎಸ್‌ನ ಫೈಬರ್ ಸಂಪರ್ಕ ಒಂದು ಮನೆಗೆ ಧಾರಾಳ. ಆದರೆ ಆ ವೇಗ ರೂಟರ್ ಹತ್ತಿರದ್ದು. ಟಿವಿಯ ಹಿಂದೆ ಎಷ್ಟು ತಲುಪುತ್ತದೆ ಎನ್ನುವುದೇ ಮುಖ್ಯ. ಮೊಬೈಲನ್ನು ಟಿವಿಯ ಹಿಂಭಾಗಕ್ಕೆ ಹಿಡಿದು ಸಂಜೆ ಎಂಟರ ನಂತರ ಒಮ್ಮೆ ಸ್ಪೀಡ್ ಟೆಸ್ಟ್ ಮಾಡಿ ನೋಡಿ. ಬೆಳಿಗ್ಗೆಯ ವೇಗ ನಂಬಿಕೊಂಡರೆ ಎಲ್ಲರೂ ಧಾರಾವಾಹಿ, ಕ್ರಿಕೆಟ್ಟು ನೋಡುವ ಹೊತ್ತಿಗೆ ಚಿತ್ರ ನಿಂತು ನಿಂತು ಬರುತ್ತದೆ.

ರೂಟರ್‌ನಲ್ಲಿ 2.4 ಮತ್ತು 5 ಗಿಗಾಹರ್ಟ್ಸ್ ಎಂದು ಎರಡು ವೈಫೈ ಹೆಸರು ಕಾಣಿಸಿದರೆ, ಒಂದೇ ಕೋಣೆಯಲ್ಲಿ ಅಥವಾ ಒಂದು ಗೋಡೆ ಆಚೆ ಇದ್ದಾಗ 5 ಆರಿಸಿ. 5ರ ಅಲೆ ಗೋಡೆ ದಾಟುವುದರಲ್ಲಿ ದುರ್ಬಲ. ಕರಾವಳಿಯ ಕೆಂಪುಕಲ್ಲಿನ ಗೋಡೆ, ಮಲೆನಾಡಿನ ಹಳೆಯ ದಪ್ಪ ಮಣ್ಣಿನ ಗೋಡೆ ಎರಡು ಅಡ್ಡ ಬಂದರೆ 2.4 ಸಹ ಸೋಲುತ್ತದೆ. ಅಲ್ಲಿ ರೂಟರನ್ನೇ ನಡುಮನೆಗೆ ತರಿಸಿ, ಇಲ್ಲವೇ ಲ್ಯಾನ್ ಕೇಬಲ್ ಎಳೆಸಿ. ಕೇಬಲ್ ಸಿಕ್ಕಿಸಲು ಸ್ಟಿಕ್‌ಗೆ ಬೇರೆ ಈಥರ್‌ನೆಟ್ ಅಡಾಪ್ಟರ್ ಬೇಕು. ಅದರ ಮಿತಿ 100 ಎಂಬಿಪಿಎಸ್ ಇದ್ದರೂ ಚಿಂತೆಯಿಲ್ಲ, 4ಕೆಗೆ ಬೇಕಿರುವುದು 15 ತಾನೆ.

ಮೊಬೈಲ್ ಹಾಟ್‌ಸ್ಪಾಟ್‌ನಲ್ಲೇ ನಡೆಸುವವರು ಡೇಟಾ ಲೆಕ್ಕ ಹಾಕಬೇಕು. ಎಚ್‌ಡಿಯಲ್ಲಿ ಗಂಟೆಗೆ ಸುಮಾರು 3 ಜಿಬಿ, 4ಕೆಯಲ್ಲಿ 7 ಜಿಬಿವರೆಗೆ ಹೋಗುತ್ತದೆ. ದಿನಕ್ಕೆ 2 ಜಿಬಿಯ ಪ್ಯಾಕ್ ಇದ್ದರೆ ಸಿನಿಮಾ ಮಧ್ಯಂತರ ಮುಟ್ಟುವ ಮೊದಲೇ ಮುಗಿಯುತ್ತದೆ. ಆ್ಯಪ್‌ನ ಸೆಟ್ಟಿಂಗ್‌ನಲ್ಲಿ ಗುಣಮಟ್ಟ ಇಳಿಸಿಕೊಳ್ಳಿ.

ಯಾವುದನ್ನು ಕೊಳ್ಳುವುದು

ಮನೆಯವರು ನೋಡುವುದನ್ನು ಮೊದಲು ಬರೆದುಕೊಳ್ಳಿ. ಜೀ ಕನ್ನಡದ ಧಾರಾವಾಹಿ ಝೀ5ರಲ್ಲಿ, ಉದಯ ಟಿವಿಯದ್ದು ಸನ್ ನೆಕ್ಸ್ಟ್‌ನಲ್ಲಿ, ಕಲರ್ಸ್ ಕನ್ನಡ ಮತ್ತು ಸ್ಟಾರ್ ಸುವರ್ಣದ್ದು ಜಿಯೋಹಾಟ್‌ಸ್ಟಾರ್‌ನಲ್ಲಿ ಸಿಗುತ್ತವೆ. ನಿಮಗೆ ಬೇಕಾದ ಆ್ಯಪ್ ಆ ಮಾದರಿಗೆ ಇದೆಯೇ ಎಂದು ಖಚಿತ ಮಾಡಿಕೊಂಡೇ ದುಡ್ಡು ಕೊಡಿ.

ಪ್ಲ್ಯಾನನ್ನೂ ನೋಡಿ. ನೆಟ್‌ಫ್ಲಿಕ್ಸ್‌ನ ಮೊಬೈಲ್ ಪ್ಲ್ಯಾನ್ ಟಿವಿಯಲ್ಲಿ ನಡೆಯುವುದೇ ಇಲ್ಲ. ಬೇಸಿಕ್ ಪ್ಲ್ಯಾನಿನಲ್ಲಿ ಎಷ್ಟು ದುಬಾರಿ ಸ್ಟಿಕ್ ಇದ್ದರೂ ಬರುವುದು 720ಪಿ. ಜಿಯೋಹಾಟ್‌ಸ್ಟಾರ್‌ನ ಮೊಬೈಲ್ ಪ್ಲ್ಯಾನೂ ಫೋನಿಗಷ್ಟೇ. ರೀಚಾರ್ಜ್ ಜೊತೆ ಉಚಿತವಾಗಿ ಬಂದ ಚಂದಾ ಯಾವ ಬಗೆಯದೆಂದು ಮೊದಲೇ ತಿಳಿದುಕೊಂಡರೆ ಆಮೇಲೆ ನಿರಾಸೆಯಿಲ್ಲ.

ಇನ್ನು ಸಾಧನ. ಪ್ರೈಮ್ ವಿಡಿಯೋ, ಅಲೆಕ್ಸಾ ಬಳಸುವ ಮನೆಗೆ ಫೈರ್ ಟಿವಿ ಸ್ಟಿಕ್ ಹೊಂದುತ್ತದೆ. ರಿಮೋಟ್ ಸರಳ, ಹಿರಿಯರಿಗೆ ಬೇಗ ಒಗ್ಗುತ್ತದೆ. ಆಂಡ್ರಾಯ್ಡ್ ಫೋನಿನಿಂದ ಟಿವಿಗೆ ಕಾಸ್ಟ್ ಮಾಡುವ ಅಭ್ಯಾಸವಿದ್ದರೆ ಶವೋಮಿಯಂಥವರ ಗೂಗಲ್ ಟಿವಿ ಸ್ಟಿಕ್ ಒಳ್ಳೆಯದು. ಮನೆ ತುಂಬ ಐಫೋನ್ ಇದ್ದು ಬೆಲೆ ಅಡ್ಡಿಯಿಲ್ಲದಿದ್ದರೆ ಆ್ಯಪಲ್ ಟಿವಿ 4ಕೆ. ಇಂಟರ್‌ನೆಟ್ ಕಂಪನಿ ಸಂಪರ್ಕದ ಜೊತೆ ಕೊಡುವ ಬಾಕ್ಸ್ ಸಿಕ್ಕರೆ ಮೊದಲು ಅದನ್ನೇ ಬಳಸಿ ನೋಡಿ. ಆದರೆ ಸಂಪರ್ಕ ಬಿಟ್ಟಾಗ ಸಾಮಾನ್ಯವಾಗಿ ಅದನ್ನೂ ವಾಪಸ್ ಕೊಡಬೇಕಾಗುತ್ತದೆ.

ಒಂದನ್ನು ಮಾತ್ರ ಕೊಳ್ಳಲೇಬೇಡಿ: ಹೆಸರಿಲ್ಲದ ಕಂಪನಿಯ, ಎಲ್ಲ ಚಾನೆಲ್ ಫ್ರೀ ಎನ್ನುವ ಅಗ್ಗದ ಆಂಡ್ರಾಯ್ಡ್ ಬಾಕ್ಸ್. ಇಂಥವಕ್ಕೆ ಸಾಮಾನ್ಯವಾಗಿ ವೈಡ್‌ವೈನ್ ಎಲ್1 ಪ್ರಮಾಣಪತ್ರ (ಒಟಿಟಿಯ ಎಚ್‌ಡಿ, 4ಕೆ ಚಿತ್ರ ತೋರಿಸಲು ಬೇಕಾದ ಭದ್ರತೆಯ ಮಟ್ಟ) ಇರುವುದಿಲ್ಲ, ಹಾಗಾಗಿ 4ಕೆ ಎಂದು ಬರೆದಿದ್ದರೂ ನೆಟ್‌ಫ್ಲಿಕ್ಸ್, ಪ್ರೈಮ್ ಮಸುಕಾಗಿ ಬರುತ್ತವೆ. ಅದಕ್ಕಿಂತ ದೊಡ್ಡ ಅಪಾಯ ಒಳಗಿದೆ. ಬ್ಯಾಡ್‌ಬಾಕ್ಸ್ 2.0 ಎಂಬ ಕುತಂತ್ರಾಂಶ ಜಾಲದ ಮೇಲೆ ಗೂಗಲ್ 2025ರ ಜುಲೈನಲ್ಲಿ ಅಮೆರಿಕದಲ್ಲಿ ಮೊಕದ್ದಮೆ ಹೂಡಿತು. ಪ್ರಮಾಣೀಕರಿಸದ ಇಂಥ 1 ಕೋಟಿಗೂ ಹೆಚ್ಚು ಸಾಧನಗಳಿಗೆ ಅದು ಹೊಕ್ಕಿತ್ತು, ಕೆಲವಕ್ಕೆ ಕೊಳ್ಳುವ ಮೊದಲೇ. ನಿಮ್ಮ ಬ್ಯಾಂಕಿನ ಆ್ಯಪ್ ಇರುವ ಫೋನು ಬಳಸುವ ವೈಫೈಗೇ ಆ ಬಾಕ್ಸನ್ನೂ ಸೇರಿಸುತ್ತೀರಿ, ನೆನಪಿರಲಿ.

ಜೋಡಿಸುವ ಕ್ರಮ

1. ಟಿವಿ ಆಫ್ ಮಾಡಿ. ಡಬ್ಬಿಯಲ್ಲಿ ಬಂದ ಗಿಡ್ಡ ಎಚ್‌ಡಿಎಂಐ ಎಕ್ಸ್‌ಟೆಂಡರ್ ಮೂಲಕ ಸ್ಟಿಕ್ ಸಿಕ್ಕಿಸಿ. ಸ್ಟಿಕ್ ಟಿವಿಯ ಬೆನ್ನಿನಿಂದ ಸ್ವಲ್ಪ ದೂರ ನಿಂತರೆ ವೈಫೈ ಸುಧಾರಿಸುತ್ತದೆ, ಬಿಸಿಯೂ ಕಡಿಮೆಯಾಗುತ್ತದೆ, ಕಿಂಡಿಯ ಮೇಲೆ ಭಾರ ಬೀಳದು.

2. ಕರೆಂಟನ್ನು ಜೊತೆಗೆ ಬಂದ ಅಡಾಪ್ಟರ್‌ನಿಂದಲೇ ಕೊಡಿ. ಟಿವಿಯ ಯುಎಸ್‌ಬಿ ಕಿಂಡಿಗೆ ಹಾಕುವುದು ಎಲ್ಲರೂ ಮಾಡುವ ತಪ್ಪು. ಯುಎಸ್‌ಬಿ 2.0 ಕೊಡುವುದು 0.5 ಆಂಪಿಯರ್, ಸ್ಟಿಕ್‌ನ ಅಡಾಪ್ಟರ್ ಕೊಡುವುದು 1 ಆಂಪಿಯರ್ ಅಥವಾ ಹೆಚ್ಚು. ಹೋಮ್ ಪರದೆ ಬರುತ್ತದೆ, ಸಿನಿಮಾ ಶುರುವಾದ ಮೇಲೆ ತಾನಾಗಿ ರೀಸ್ಟಾರ್ಟ್ ಆಗುತ್ತದೆ. ಟಿವಿ ಆಫ್ ಮಾಡಿದಾಗಲೆಲ್ಲ ಸ್ಟಿಕ್ಕೂ ಆಫ್ ಆಗುವುದರಿಂದ ರಾತ್ರಿ ಅಪ್‌ಡೇಟ್ ಆಗುವುದೂ ತಪ್ಪುತ್ತದೆ.

3. ಟಿವಿ ಆನ್ ಮಾಡಿ, ಟಿವಿ ರಿಮೋಟಿನ ಸೋರ್ಸ್ ಅಥವಾ ಇನ್‌ಪುಟ್ ಬಟನ್ ಒತ್ತಿ ಆ ಕಿಂಡಿಯ ಸಂಖ್ಯೆ ಆರಿಸಿ. ಸ್ಟಿಕ್‌ನ ರಿಮೋಟ್ ತಾನಾಗಿ ಸೇರದಿದ್ದರೆ ಫೈರ್ ಟಿವಿಯಲ್ಲಿ ಹೋಮ್ ಬಟನ್ನನ್ನು 10 ಸೆಕೆಂಡ್ ಒತ್ತಿಹಿಡಿಯಿರಿ.

4. ವೈಫೈ ಸೇರಿಸಿ, ಪರದೆಯ ಕ್ಯೂಆರ್ ಕೋಡನ್ನು ಫೋನಿನಲ್ಲಿ ಸ್ಕ್ಯಾನ್ ಮಾಡಿ ಖಾತೆಗೆ ಲಾಗಿನ್ ಆಗಿ. ಇಲ್ಲಿ ಎಚ್ಚರ ಬೇಕು. ಆ್ಯಕ್ಟಿವೇಷನ್‌ಗೆ ಯಾವ ಶುಲ್ಕವೂ ಇಲ್ಲ. ಕೋಡ್ ಹಾಕುವ ವಿಳಾಸವನ್ನು ಗೂಗಲ್‌ನಲ್ಲಿ ಹುಡುಕಿದರೆ ನಕಲಿ ಸಹಾಯವಾಣಿಗಳು ಸಿಗಬಹುದು. ದುಡ್ಡು ಕೇಳುವವರು, ಫೋನಿನ ಪರದೆ ಹಂಚಿಕೊಳ್ಳುವ ಆ್ಯಪ್ ಹಾಕಿಸಿಕೊಳ್ಳಿ ಎನ್ನುವವರು ಮೋಸಗಾರರೇ. ಟಿವಿಯ ಮೇಲೆ ಕಾಣುವ ವಿಳಾಸವನ್ನಷ್ಟೇ ಅಕ್ಷರ ಬಿಡದೆ ಟೈಪ್ ಮಾಡಿ.

5. ಮೊದಲ ಅಪ್‌ಡೇಟ್ ಮುಗಿಯುವವರೆಗೆ ಕರೆಂಟು ತೆಗೆಯಬೇಡಿ. ಆಮೇಲೆ ಬೇಕಾದ ಆ್ಯಪ್‌ಗಳನ್ನು ಹಾಕಿ.

6. 4ಕೆ ಟಿವಿಯಾದರೆ ಆ ಕಿಂಡಿಯ ಪೂರ್ಣ ಸಾಮರ್ಥ್ಯವನ್ನು ಟಿವಿಯ ಮೆನುವಿನಲ್ಲೇ ತೆರೆಯಬೇಕು. ಸ್ಯಾಮ್‌ಸಂಗ್‌ನಲ್ಲಿ ಇದು ಇನ್‌ಪುಟ್ ಸಿಗ್ನಲ್ ಪ್ಲಸ್, ಎಲ್‌ಜಿಯಲ್ಲಿ ಎಚ್‌ಡಿಎಂಐ ಡೀಪ್ ಕಲರ್, ಸೋನಿಯಲ್ಲಿ ಎಚ್‌ಡಿಎಂಐ ಸಿಗ್ನಲ್ ಫಾರ್ಮ್ಯಾಟ್ ಎನ್‌ಹಾನ್ಸ್ಡ್. ಇದನ್ನು ಮಾಡದೆ ಎಚ್‌ಡಿಆರ್ (ಬೆಳಕು, ಬಣ್ಣ ಹೆಚ್ಚು ಎದ್ದು ಕಾಣುವ ಚಿತ್ರ) ಬರುತ್ತಿಲ್ಲ ಎಂದು ಸ್ಟಿಕ್ ಅನ್ನು ದೂರುವವರು ಬಹಳ.

7. ಸ್ಟಿಕ್‌ನ ಡಿಸ್‌ಪ್ಲೇ ಸೆಟ್ಟಿಂಗ್‌ನಲ್ಲಿ ಮ್ಯಾಚ್ ಫ್ರೇಮ್ ರೇಟ್ ಇದ್ದರೆ ಆನ್ ಮಾಡಿ. ಸಿನಿಮಾ ಸೆಕೆಂಡಿಗೆ 24 ಫ್ರೇಮಿನದು. 60ರಲ್ಲಿ ತೋರಿಸಿದರೆ ಕ್ಯಾಮೆರಾ ಮೆಲ್ಲಗೆ ಪಕ್ಕಕ್ಕೆ ಸರಿಯುವಾಗ ಚಿತ್ರ ಕುಲುಕುತ್ತದೆ.

8. ಟಿವಿಯಲ್ಲಿ ಸಿಇಸಿ ಆನ್ ಮಾಡಿದರೆ ಸ್ಟಿಕ್‌ನ ರಿಮೋಟ್‌ನಿಂದಲೇ ಟಿವಿ ಆನ್ ಆಗುತ್ತದೆ. ಸ್ಯಾಮ್‌ಸಂಗ್ ಇದನ್ನು ಎನಿನೆಟ್ ಪ್ಲಸ್ ಎನ್ನುತ್ತದೆ, ಎಲ್‌ಜಿ ಸಿಂಪ್‌ಲಿಂಕ್, ಸೋನಿ ಬ್ರಾವಿಯಾ ಸಿಂಕ್.

ತೊಂದರೆ ಬಂದಾಗ

ಚಿತ್ರ ಬರುತ್ತದೆ, ಒಂದೆರಡು ಆ್ಯಪ್‌ನಲ್ಲಿ ಮಾತ್ರ ದನಿ ಇಲ್ಲ: ಸ್ಟಿಕ್ ಡಾಲ್ಬಿ ಕಳಿಸುತ್ತಿದೆ, ಹಳೆಯ ಟಿವಿಗೆ ಅದು ಅರ್ಥವಾಗುತ್ತಿಲ್ಲ. ಆಡಿಯೋ ಸೆಟ್ಟಿಂಗ್‌ನಲ್ಲಿ ಪಿಸಿಎಂ ಅಥವಾ ಸ್ಟೀರಿಯೋ ಆರಿಸಿ. ಪರದೆಯ ಅಂಚು ಕತ್ತರಿಸಿದಂತಿದ್ದರೆ ಟಿವಿಯ ಪಿಕ್ಚರ್ ಸೈಜ್‌ನಲ್ಲಿ ಜಸ್ಟ್ ಸ್ಕ್ಯಾನ್ ಅಥವಾ ಸ್ಕ್ರೀನ್ ಫಿಟ್ ಹಾಕಿ. ಸಿನಿಮಾ ತೆಲುಗಿನಲ್ಲೋ ಹಿಂದಿಯಲ್ಲೋ ಶುರುವಾದರೆ ಅದನ್ನು ನಿಲ್ಲಿಸಿ ಆಡಿಯೋ ಮತ್ತು ಸಬ್‌ಟೈಟಲ್ ಮೆನು ತೆರೆಯಿರಿ. ಕನ್ನಡ ಟ್ರ್ಯಾಕ್ ಅಲ್ಲೇ ಇರಬಹುದು.

ಕರೆಂಟು ಹೋಗಿ ಬಂದಾಗ ಸ್ಟಿಕ್ ಬೇಗ ಎದ್ದು ಇಂಟರ್‌ನೆಟ್ ಇಲ್ಲ ಎನ್ನುತ್ತದೆ, ರೂಟರ್ ಇನ್ನೂ ಏಳುತ್ತಿರುತ್ತದೆ. ಎರಡು ಮೂರು ನಿಮಿಷ ಕಾಯಿರಿ, ಪಾಸ್‌ವರ್ಡ್ ಬದಲಿಸುವ ಗೋಜಿಗೆ ಹೋಗಬೇಡಿ. ಟಿವಿ ಯುಪಿಎಸ್‌ನಲ್ಲಿದ್ದು ರೂಟರ್ ಇಲ್ಲದಿದ್ದರೆ ರೂಟರ್‌ಗೆ ಒಂದು ಮಿನಿ ಯುಪಿಎಸ್ ಹಾಕಿ. ಕೊಳ್ಳುವಾಗ ರೂಟರ್ ಅಡಾಪ್ಟರ್ ಮೇಲಿನ ವೋಲ್ಟ್ (ಹೆಚ್ಚಿನವು 12), ಆಂಪಿಯರ್ ಎರಡನ್ನೂ ನೋಡಿ ಹೊಂದಿಸಿ.

ಕೆಲವು ತಿಂಗಳ ಮೇಲೆ ನಿಧಾನವಾದರೆ ಸಂಗ್ರಹ ತುಂಬಿರಬಹುದು. ಬಳಸದ ಆ್ಯಪ್ ತೆಗೆದು, ಬಳಸುವವುಗಳ ಕ್ಯಾಶೆ (ಆ್ಯಪ್ ತಾತ್ಕಾಲಿಕವಾಗಿ ಕೂಡಿಟ್ಟ ಮಾಹಿತಿ) ಅಳಿಸಿ, ಒಮ್ಮೆ ರೀಸ್ಟಾರ್ಟ್ ಮಾಡಿ.

ಮಕ್ಕಳಿರುವ ಮನೆಯಲ್ಲಿ ಖರೀದಿಗೆ ಪಿನ್ ಇಡಿ, ಅವರಿಗೆ ಬೇರೆ ಪ್ರೊಫೈಲ್ ಮಾಡಿ. ದೂರದ ಊರಲ್ಲಿರುವ ಅಪ್ಪ ಅಮ್ಮನಿಗೆ ಹಾಕಿಕೊಡುವಾಗ ಅವರು ನೋಡುವ ಮೂರು ನಾಲ್ಕು ಆ್ಯಪ್‌ಗಳನ್ನಷ್ಟೇ ಮೊದಲ ಸಾಲಿಗೆ ತನ್ನಿ. ಮೈಕ್ ಬಟನ್ ಒತ್ತಿ ಹೆಸರು ಹೇಳುವುದನ್ನು ನೀವು ತೋರಿಸಿದರೆ ಸಾಲದು, ಅವರ ಕೈಯಲ್ಲೇ ಮಾಡಿಸಿ.

ಸ್ಟಿಕ್ ಅನ್ನು ಇನ್ನೊಬ್ಬರಿಗೆ ಕೊಡುವಾಗ ಫ್ಯಾಕ್ಟರಿ ರೀಸೆಟ್ ಮಾಡಿ. ನಿಮ್ಮ ಖಾತೆಯ ಸಾಧನಗಳ ಪಟ್ಟಿಯಿಂದಲೂ ಅದನ್ನು ಫೋನಿನಲ್ಲಿ ತೆಗೆದುಹಾಕಿ. ಇಲ್ಲವಾದರೆ ನಿಮ್ಮ ಕಾರ್ಡ್ ಜೋಡಿಸಿದ ಖಾತೆಯಲ್ಲಿ ಅವರು ಸಿನಿಮಾ ಬಾಡಿಗೆಗೆ ಪಡೆಯಲು ದಾರಿಯಿರುತ್ತದೆ.