ಡ್ರಿಪ್ ಅಲಾರಂಗೆ ಎಲಿವೇಟ್ ಅನುದಾನ: ಕೊಟೇಶನ್‌ನಿಂದ ಶುರುವಾದ ಅರ್ಜಿ

ಮೂರು ಅರ್ಜಿ ವಾಪಸ್ ಬಂದ ಮೇಲೆ ನಾಲ್ಕನೆಯದು ಪಾಸಾಯಿತು. ಸ್ಟಾರ್ಟಪ್‌ಗಳಿಗೆ ಅನುದಾನ ಕೊಡುವ ಕರ್ನಾಟಕ ಸರ್ಕಾರದ ಎಲಿವೇಟ್ ಯೋಜನೆಯಲ್ಲಿ ನಮ್ಮ ಡ್ರಿಪ್ ಅಲಾರಂಗೆ, ಅಂದರೆ ಸಲೈನ್ ಹನಿ ನಿಂತರೆ ಕೂಗುವ ಪೆಟ್ಟಿಗೆಗೆ, ಹಣ ಸಿಕ್ಕಿತು. ಹುಬ್ಬಳ್ಳಿಯಲ್ಲೇ ಕೂತು, ಕನ್ಸಲ್ಟೆಂಟ್ ಇಲ್ಲದೆ, ಮಿತಿಯ ಅರ್ಧಕ್ಕಿಂತ ಕಡಿಮೆ ಕೇಳಿ ಹಾಕಿದ ಅರ್ಜಿ ಅದು. ಹೀಗೆ ಹಾಕಿದರೆ ಸಿಗಲ್ಲ ಅಂದವರೇ ಈಗ ಫೋನ್ ಮಾಡಿ ಬಜೆಟ್ ಶೀಟ್ ಕೇಳುತ್ತಿದ್ದಾರೆ. ಒಬ್ಬೊಬ್ಬರಿಗೂ ಹೇಳುವ ಬದಲು ಬರೆದೇಬಿಡೋಣ ಅನಿಸಿತು.

ಐಡಿಯಾ ಹುಟ್ಟಿದ್ದು ನನ್ನ ಅವ್ವ ಅಡ್ಮಿಟ್ ಆಗಿದ್ದಾಗ. ರಾತ್ರಿ ಎರಡು ಗಂಟೆ ಇರಬೇಕು. ಪಕ್ಕದ ಮಂಚದ ಬಾಟಲಿ ಖಾಲಿಯಾಗಿತ್ತು. ಜೊತೆಗಿದ್ದ ಹುಡುಗ ಸ್ಟೂಲ್ ಮೇಲೆ ಕೂತಲ್ಲೇ ನಿದ್ದೆ ಹೋಗಿದ್ದ. ಟ್ಯೂಬಿನಲ್ಲಿ ರಕ್ತ ಸುಮಾರು ಒಂದು ಗೇಣು ಮೇಲಕ್ಕೆ ಏರಿತ್ತು. ಸಿಸ್ಟರ್ ಓಡಿ ಬಂದು ಫ್ಲಶ್ ಮಾಡಿ ನೋಡಿದರು, ಆಗಲಿಲ್ಲ. ಸೂಜಿ ಕಿತ್ತು ಇನ್ನೊಂದು ಕೈಗೆ ಚುಚ್ಚಬೇಕಾಯಿತು. ಅಷ್ಟು ದೊಡ್ಡ ವಾರ್ಡಿಗೆ ಆ ರಾತ್ರಿ ಇದ್ದದ್ದು ಇಬ್ಬರೇ ಸಿಸ್ಟರ್.

ನಮ್ಮ ಪೆಟ್ಟಿಗೆ ಡ್ರಿಪ್ ಚೇಂಬರಿಗೆ (ಬಾಟಲಿ ಕೆಳಗೆ ಹನಿ ಬೀಳೋದು ಕಾಣುವ ಪ್ಲಾಸ್ಟಿಕ್ ಕೊಳವೆ) ಕ್ಲಿಪ್ ಆಗುತ್ತದೆ, ಇನ್‌ಫ್ರಾರೆಡ್‌ನಲ್ಲಿ ಹನಿ ಎಣಿಸುತ್ತದೆ, ಹನಿ ನಿಂತರೆ ಕೂಗುತ್ತದೆ. 20 ಹನಿಗೆ 1 ಎಂಎಲ್ ಆಗುವ ಡ್ರಿಪ್ ಸೆಟ್‌ನಲ್ಲಿ (ಟ್ಯೂಬ್, ಚೇಂಬರ್ ಸೇರಿದ್ದು) ಗಂಟೆಗೆ 100 ಎಂಎಲ್ ಬಿಟ್ಟರೆ ನಿಮಿಷಕ್ಕೆ 33 ಹನಿ. ಎಣಿಸೋದು ಸುಲಭ ಅಂದುಕೊಂಡಿದ್ದೆ. ಚೇಂಬರ್ ಒಳಗೋಡೆಗೆ ಹನಿ ಸಿಡಿದು ಅಂಟಿದರೆ, ಸ್ಟ್ಯಾಂಡ್ ವಾಲಿದರೆ, ಕಿಟಕಿಯಿಂದ ಬಿಸಿಲು ಬಿದ್ದರೆ ಎಣಿಕೆ ತಪ್ಪುತ್ತಿತ್ತು. ಬಿಸಿಲಿನ ಕಾಟಕ್ಕೆ ಕೊನೆಗೆ ಒಂದು ದಾರಿ ಸಿಕ್ಕಿತು. ಅದನ್ನು ಇಲ್ಲಿ ಬರೆಯಲ್ಲ, ಎಂಟು ತಿಂಗಳು ತಿಂದ ಕೆಲಸ ಅದು.

ಮಧ್ಯೆ ಲೋಡ್ ಸೆಲ್, ಅಂದರೆ ತೂಕ ಅಳೆಯುವ ಸೆನ್ಸರ್ ಕಡೆಗೂ ಹೋಗಿದ್ದೆ. ಬಾಟಲಿ ತೂಗು ಹಾಕಿ ತೂಕ ಇಳಿಯೋದನ್ನು ನೋಡಿದರೆ ಸಾಕಲ್ವಾ, 1 ಎಂಎಲ್ ಸಲೈನ್ ಅಂದರೆ ಹೆಚ್ಚುಕಡಿಮೆ 1 ಗ್ರಾಂ. ಟೇಬಲ್ ಮೇಲೆ ಸೊಗಸಾಗಿ ಕೆಲಸ ಮಾಡಿತು. ವಾರ್ಡಿನಲ್ಲಿ ಫ್ಯಾನ್ ಗಾಳಿಗೆ ಬಾಟಲಿ ತೂಗಾಡಿತು, ಪೇಷಂಟ್ ಕೈ ಎಳೆದಾಗೆಲ್ಲ ಟ್ಯೂಬ್ ಎಳೆದು ತೂಕ ಕುಣಿಯಿತು. 35 ಸಾವಿರ ಅಲ್ಲಿಗೆ ಹೋಯಿತು. ಆದರೆ ಆ ಡೇಟಾ ಮುಂದೆ ಅರ್ಜಿಯಲ್ಲಿ ಕೆಲಸಕ್ಕೆ ಬಂತು. ಯಾಕೆ ಈ ದಾರಿ ಬಿಟ್ಟೆವು ಅಂತ ಗ್ರಾಫ್ ಸಮೇತ ಅರ್ಧ ಪುಟ ಹಾಕಿದೆ. ಅರ್ಜಿ ಆರಿಸುವ ಜ್ಯೂರಿಯವರು ಜಾಸ್ತಿ ಹೊತ್ತು ಮಾತಾಡಿದ್ದು ಆ ಅರ್ಧ ಪುಟದ ಬಗ್ಗೆಯೇ.

ಈಗ ಸೋತ ಅರ್ಜಿಗಳ ವಿಷಯ. ಯಾವ ಯೋಜನೆಗಳು ಅಂತ ಹೆಸರು ಬೇಡ, ತಪ್ಪು ನನ್ನದೇ.

ಮೊದಲನೆಯದರಲ್ಲಿ 48 ಲಕ್ಷ ಕೇಳಿದ್ದೆ. ಮಿತಿ 50 ಇದೆ, ಬಿಡೋದ್ಯಾಕೆ ಅಂತ ಎಲ್ಲರೂ ಹೇಳಿದ್ದರು. ಅದರಲ್ಲಿ 20 ಲಕ್ಷದ ಹತ್ತಿರ ಸಂಬಳವೇ ಇತ್ತು. ಹನಿ ನಿಲ್ಲಿಸುವ ಆಟೋಮ್ಯಾಟಿಕ್ ಕ್ಲ್ಯಾಂಪ್, ಕ್ಲೌಡ್ ಡ್ಯಾಶ್‌ಬೋರ್ಡ್, ಎಐ ಎಲ್ಲ ತುಂಬಿದ್ದೆ. ಒಬ್ಬರು ಒಂದೇ ಪ್ರಶ್ನೆ ಕೇಳಿದರು: "ಆರನೇ ತಿಂಗಳಿಗೆ ನನ್ನ ಕೈಗೆ ಏನು ಕೊಡ್ತೀರಿ?" ನನ್ನ ಹತ್ತಿರ ಉತ್ತರ ಇರಲಿಲ್ಲ.

ಎರಡನೆಯದಕ್ಕೆ ಕನ್ಸಲ್ಟೆಂಟ್ ಹಿಡಿದೆ, 40 ಸಾವಿರ ಕೊಟ್ಟೆ. ಅರ್ಜಿ ತುಂಬಾ ಚಂದ ಇತ್ತು. ಅರ್ಧಕ್ಕರ್ಧ ಮಾರುಕಟ್ಟೆಯ ಗಾತ್ರದ ಬಗ್ಗೆಯೇ ಇತ್ತು. ಇಂಟರ್‌ವ್ಯೂಗೂ ಕರೆಯಲಿಲ್ಲ.

ಮೂರನೆಯದರಲ್ಲಿ ಜಿಎಸ್‌ಟಿ ಮರೆತೆ. ಉಪಕರಣ, ಟೆಸ್ಟಿಂಗ್ ಎಲ್ಲದರ ಮೇಲೂ 18% ಬೀಳುತ್ತದೆ. ಮಾರಾಟವೇ ಇಲ್ಲದ ಕಂಪನಿಗೆ ಇನ್‌ಪುಟ್ ಕ್ರೆಡಿಟ್ (ಕೊಳ್ಳುವಾಗ ಕಟ್ಟಿದ ಜಿಎಸ್‌ಟಿಯನ್ನು ಮಾರುವಾಗಿನ ಜಿಎಸ್‌ಟಿಯಲ್ಲಿ ಕಳೆಯೋದು) ಕಾಗದದ ಮೇಲೆ ಕೂತಿರುತ್ತದೆ ಅಷ್ಟೇ, ಕೈಗೆ ಬರಲ್ಲ. ಬಜೆಟ್ ಒಂದೇ ಏಟಿಗೆ ಮೂರೂವರೆ ಲಕ್ಷ ಕಡಿಮೆ ಬಿತ್ತು. ಪ್ರಶ್ನೆ ಕೇಳಿದವರು ಕ್ಯಾಲ್ಕ್ಯುಲೇಟರ್ ಒತ್ತಿ ತೋರಿಸಿದರು. ಅಷ್ಟೊತ್ತಿಗೆ ನನ್ನ ಸ್ವಂತ ಆರೇಳು ಲಕ್ಷ ಕರಗಿತ್ತು. ಹೆಂಡತಿಯ ಬಳೆ ಬ್ಯಾಂಕಿನಲ್ಲಿತ್ತು.

ನಾಲ್ಕನೆಯದಕ್ಕೆ ಲೆಕ್ಕವನ್ನು ತಿರುಗಿಸಿದೆ. ಎರಡು ತಿಂಗಳು ಅರ್ಜಿಯ ಒಂದು ಸಾಲನ್ನೂ ಬರೆಯಲಿಲ್ಲ, ಬರೀ ಕೊಟೇಶನ್ ತರಿಸಿದೆ. ಸರ್ಕಾರದ ಹಣ ಬಂದ ಮೇಲೆ ಹಣ ಯಾವುದಕ್ಕೆ ಖರ್ಚಾಯಿತು ಅಂತ ಸಿಎ ಸಹಿ ಹಾಕುವ ಯುಟಿಲೈಸೇಶನ್ ಸರ್ಟಿಫಿಕೇಟ್ ಕೊಡಬೇಕಲ್ವಾ, ಅದರ ಕರಡನ್ನು ಮೊದಲೇ ಮಾಡಿದೆ. ಯಾವ ತಿಂಗಳು, ಯಾವ ತಲೆಬರಹದಲ್ಲಿ, ಯಾವ ಬಿಲ್. ಅದು ತುಂಬಿದ ಮೇಲೆ ಅರ್ಜಿ ತಾನಾಗಿ ಬರೆಸಿಕೊಂಡಿತು. ಗೆಳೆಯನೊಬ್ಬ "ಇದೇನೋ ಕಿರಾಣಿ ಅಂಗಡಿ ಪಟ್ಟಿ ಇದ್ದಂಗ ಐತಿ" ಅಂದ. ಅದೇ ಪಟ್ಟಿ ಗೆದ್ದಿತು.

ಒಟ್ಟು ಸುಮಾರು 22 ಲಕ್ಷ ಆಯಿತು, ಜಿಎಸ್‌ಟಿ ಸೇರಿ. ಅಚ್ಚಿನ ಉದಾಹರಣೆ ಹೇಳುತ್ತೇನೆ. ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶದಲ್ಲಿ ಪೆಟ್ಟಿಗೆಯ ಸ್ಟೀಲ್ ಅಚ್ಚಿಗೆ ನಾಲ್ಕೂವರೆ ಲಕ್ಷ ಹೇಳಿದರು. ನನಗೆ ಬೇಕಿದ್ದದ್ದು 25 ಪೆಟ್ಟಿಗೆ ಮಾತ್ರ. ಸಿಲಿಕೋನ್ ಅಚ್ಚಿನಲ್ಲಿ ಎರಕ ಹಾಕಿಸಿದರೆ ಒಂದು ಲಕ್ಷದೊಳಗೆ ಮುಗಿಯುತ್ತಿತ್ತು. ಸ್ಟೀಲ್ ಅಚ್ಚನ್ನು ಬಜೆಟ್‌ನಿಂದ ಪೂರ್ತಿ ತೆಗೆದೆ. ಕ್ಲ್ಯಾಂಪನ್ನೂ ಕಿತ್ತೆ. ಬರೀ ಕೂಗುವ ಪೆಟ್ಟಿಗೆಗೂ ಹರಿವನ್ನೇ ನಿಲ್ಲಿಸುವ ಪೆಟ್ಟಿಗೆಗೂ ಅಪಾಯದ ಲೆಕ್ಕವೇ ಬೇರೆ. 2017ರ ಮೆಡಿಕಲ್ ಡಿವೈಸಸ್ ರೂಲ್ಸ್‌ನಲ್ಲಿ ಅಪಾಯ ಏರಿದಂತೆ ಉಪಕರಣಗಳಿಗೆ ಎ, ಬಿ, ಸಿ, ಡಿ ಅಂತ ವರ್ಗಗಳಿವೆ, ವರ್ಗ ಏರಿದಷ್ಟೂ ನಿಯಮ ಬಿಗಿ. ಒಂದು ಫೀಚರ್ ಕಿತ್ತರೆ ಎಷ್ಟು ಟೆಸ್ಟು, ಎಷ್ಟು ಕಾಗದ, ಎಷ್ಟು ತಿಂಗಳು ಉಳಿಯುತ್ತದೆ ಅಂತ ಲೆಕ್ಕ ಹಾಕಿ ನೋಡಿ.

ಟೆಸ್ಟಿಂಗ್ ವಿಷಯದಲ್ಲಿ ಮಾತ್ರ ಕೈ ಬಿಗಿ ಮಾಡಲಿಲ್ಲ. ವೈದ್ಯಕೀಯ ವಿದ್ಯುತ್ ಉಪಕರಣಗಳ ಅಂತರರಾಷ್ಟ್ರೀಯ ಮಾನದಂಡಗಳಾದ ಐಇಸಿ 60601-1 ಸೇಫ್ಟಿ, 60601-1-2 ಇಎಂಸಿ (ವಿದ್ಯುತ್ಕಾಂತೀಯ ಅಡಚಣೆಯ ಪರೀಕ್ಷೆ), ಎರಡಕ್ಕೂ ಎರಡೆರಡು ಸಲದ ಫೀಸ್ ಹಾಕಿದೆ. ಮೊದಲ ಸಲ ಫೇಲ್ ಆಗುತ್ತೇವೆ ಅಂತ ಅರ್ಜಿಯಲ್ಲೇ ಬರೆದೆ. ಹಾಗೆ ಬರೆದರೆ ಕೈಲಾಗದವರು ಅಂದುಕೊಳ್ಳುತ್ತಾರೆ ಅಂತ ಎಲ್ಲರೂ ಹೆದರಿಸಿದರು. ಫೇಲ್ ಆಯಿತು. ಸ್ಟ್ಯಾಟಿಕ್ ಡಿಸ್ಚಾರ್ಜ್ ಟೆಸ್ಟ್‌ನಲ್ಲಿ ನೇರ ಮುಟ್ಟಿಸಿ ಕೊಟ್ಟ 8 ಕೆವಿ (ಕಿಲೋವೋಲ್ಟ್) ಪಾಸ್, ಗಾಳಿಯಲ್ಲಿ 15 ಕೆವಿ ಕೊಟ್ಟಾಗ ಸ್ವಿಚ್ ಸಂದಿಯಿಂದ ಕಿಡಿ ಹಾರಿ ಬೋರ್ಡ್ ರೀಸೆಟ್ ಆಯಿತು. ಎಣಿಕೆ ಸೊನ್ನೆಗೆ ಬಂತು. ಸ್ವಿಚ್ ಮೇಲೆ ರಬ್ಬರ್ ಪೊರೆ ಹಾಕಿ, ಗ್ರೌಂಡ್ ದಾರಿ ಬದಲಿಸಿ ಮತ್ತೆ ಹೋದೆವು. ಎರಡನೇ ಸಲಕ್ಕೆ 80 ಸಾವಿರದ ಹತ್ತಿರ ಬಿತ್ತು. ಆ ಹಣ ಬಜೆಟ್‌ನಲ್ಲೇ ಇದ್ದದ್ದರಿಂದ ಯಾರ ಮುಂದೆಯೂ ಕೈ ಚಾಚಲಿಲ್ಲ.

ಮೈಲಿಗಲ್ಲುಗಳನ್ನು ಬರೆಯುವಾಗ ಪ್ರತಿಯೊಂದರ ಪಕ್ಕ "ಇದನ್ನು ನೀವು ಹೀಗೆ ಪರೀಕ್ಷಿಸಬಹುದು" ಅಂತ ಒಂದು ಸಾಲು ಸೇರಿಸಿದೆ. ಉದಾಹರಣೆಗೆ, 20 ಮತ್ತು 60 ಹನಿಯ ಸೆಟ್, ಮೂರು ವೇಗ, ಅಳತೆ ಸಿಲಿಂಡರ್ ಜೊತೆ ಹೋಲಿಕೆ, ತಪ್ಪು 5% ಒಳಗೆ. ರೋಗಿಗಳ ಮೇಲಿನ ಟ್ರಯಲ್‌ಗೆ ಬೇಕಾದ ಎಥಿಕ್ಸ್ ಕಮಿಟಿ ಒಪ್ಪಿಗೆ, ಪರೀಕ್ಷೆಗೆಂದು ಉಪಕರಣ ತಯಾರಿಸುವ ಲೈಸೆನ್ಸ್‌ನ ಎಂಡಿ-12 ಅರ್ಜಿ, ಇವನ್ನು ಹಣ ಬರುವ ಮೊದಲೇ ಶುರು ಮಾಡಿದ್ದೆವು ಅಂತ ತಾರೀಖು ಸಮೇತ ತೋರಿಸಿದೆ. ಪೈಪೋಟಿಯವರ ಬಗ್ಗೆ ಒಂದು ಪ್ಯಾರಾ ಇದೆ. ಅದನ್ನು ಹೇಗೆ ಬರೆದೆ ಅನ್ನೋದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ, ಮುಂದಿನ ಅರ್ಜಿಗೂ ಬೇಕು.

ಜ್ಯೂರಿ ಮುಂದೆ ಪಿಚ್ ಮಾಡುವ ಹಿಂದಿನ ರಾತ್ರಿ ರೈಲಿಗೆ ಬೆಂಗಳೂರಿಗೆ ಹೋದೆ. ಒಂದು ಬಾಟಲಿ ಸಲೈನ್, ಒಂದು ಬಕೆಟ್, ಮಡಚುವ ಸ್ಟ್ಯಾಂಡ್ ಜೊತೆಗಿತ್ತು. ಸ್ಲೈಡ್ ಎರಡೇ ತೋರಿಸಿದೆ. ಜ್ಯೂರಿಯಲ್ಲಿದ್ದ ಒಬ್ಬ ಮೇಡಂಗೆ ಹನಿ ಹೆಚ್ಚು ಕಡಿಮೆ ಮಾಡುವ ಟ್ಯೂಬಿನ ರೋಲರ್ ಕೊಟ್ಟು "ನೀವೇ ನಿಲ್ಲಿಸಿ ಮೇಡಂ" ಅಂದೆ. ಅವರು ಒತ್ತಿದರು. ಕೋಣೆಯಲ್ಲಿ ಯಾರೂ ಮಾತಾಡಲಿಲ್ಲ. ಏಳೋ ಎಂಟೋ ಸೆಕೆಂಡಿಗೆ ಪೆಟ್ಟಿಗೆ ಕೂಗಿತು. ಆ ಎಂಟು ಸೆಕೆಂಡ್ ನನ್ನ ಎದೆ ಬಡಿತ ನನಗೇ ಕೇಳುತ್ತಿತ್ತು.

ಹಣ ಬಂದ ದಿನವೇ ಅದಕ್ಕೆ ಬೇರೆ ಖಾತೆ ಇಟ್ಟೆ. ಪೆಟ್ರೋಲ್, ಚಹಾ, ಬಾಡಿಗೆ ಯಾವುದೂ ಅದರಿಂದ ಇಲ್ಲ. ಬಿಲ್ ಬಂದ ದಿನವೇ ಸ್ಕ್ಯಾನ್ ಮಾಡಿ ಆ ಮೊದಲಿನ ಕರಡಿನ ಸಾಲಿಗೆ ಸೇರಿಸಿದೆ. ಮೊದಲ ಕಂತಿನ ಲೆಕ್ಕ ಸಿಎ ಮೇಜಿನ ಮೇಲೆ ಒಂದೇ ಮಧ್ಯಾಹ್ನದಲ್ಲಿ ಮುಗಿಯಿತು.

25 ಪೆಟ್ಟಿಗೆಗಳಲ್ಲಿ 21 ಸರಿಯಾಗಿ ಓಡುತ್ತಿವೆ. ನಾಲ್ಕರಲ್ಲಿ ಬ್ಯಾಟರಿ ಮುಚ್ಚಳ ಸಡಿಲ. ಟ್ರಯಲ್ ವಾರ್ಡಿನ ಹಿರಿಯ ಸಿಸ್ಟರ್ ಒಬ್ಬರು ಮೊದಲ ರಾತ್ರಿಯೇ ಹೇಳಿದ್ದರು: "ಸರ, ಇದು ಇಷ್ಟ ಜೋರ ಚೀರಿದ್ರ ಮಲಗಿದ ಮಂದಿ ಎಲ್ಲಾ ಎದ್ದು ಕುಂದರತಾರ್ರೀ." ಈಗ ರಾತ್ರಿ ಹತ್ತರ ಮೇಲೆ ಮೆಲ್ಲಗೆ ಶುರುವಾಗಿ, ಅರ್ಧ ನಿಮಿಷ ಯಾರೂ ಬರದಿದ್ದರೆ ಮಾತ್ರ ಜೋರಾಗುತ್ತದೆ. ಮುಚ್ಚಳದ ಹೊಸ ಅಚ್ಚಿಗೆ ಎರಡು ಕೊಟೇಶನ್ ಬಂದಿವೆ, ಮೂರನೆಯದು ಸೋಮವಾರ ಬರಬೇಕು.