ಸಣ್ಣ ಕೇಸನ್ನು ದಾಖಲೆಯಲ್ಲೂ ಮುಗಿಸುವುದು ಹೇಗೆ

ಬದುವಿನ ಜಗಳದಲ್ಲಿ ಕೈ ಎತ್ತಿದ್ದು, ಸಿಟ್ಟಿನಲ್ಲಿ ಬೈದು ಬೆದರಿಸಿದ್ದು. ಇಂಥ ಕೇಸು ಮರೆತೇ ಹೋಗಿರುತ್ತದೆ. ವರ್ಷಗಳ ಮೇಲೆ ಪಾಸ್‌ಪೋರ್ಟಿಗೋ ಸರ್ಕಾರಿ ಕೆಲಸಕ್ಕೋ ಪೊಲೀಸ್ ವೆರಿಫಿಕೇಷನ್ ಬಂದಾಗ ಮತ್ತೆ ಎದ್ದು ನಿಲ್ಲುತ್ತದೆ. ಶಿಕ್ಷೆಯಾಗಿ ಇಷ್ಟು ವರ್ಷ ಕಳೆಯಿತು, ಇನ್ನು ಅಳಿಸಿ ಎಂದು ವಯಸ್ಕರು ಅರ್ಜಿ ಹಾಕುವ ಸಾಮಾನ್ಯ ಕಾನೂನು ನಮ್ಮ ದೇಶದಲ್ಲಿಲ್ಲ. ಆದ್ದರಿಂದ ಕೇಸು ಯಾವ ಆದೇಶದಿಂದ ಮುಗಿಯಿತು ಎಂಬುದರ ಮೇಲೆಯೇ ಎಲ್ಲ ನಿಂತಿದೆ.

ಮೊದಲು ಕೇಸು ಎಲ್ಲಿದೆ ನೋಡಿ. ಠಾಣೆಯ ಕ್ರೈಂ ನಂಬರ್ ಬೇರೆ, ಕೋರ್ಟಿನ ಸಿ.ಸಿ. ನಂಬರ್ ಬೇರೆ, ಎರಡೂ ಬೇಕು. ಇ-ಕೋರ್ಟ್ಸ್ ತಾಣದಲ್ಲಿ ಹೆಸರು ಅಥವಾ ಎಫ್‌ಐಆರ್ ನಂಬರ್ ಹಾಕಿ ಹುಡುಕಬಹುದು. ಸಮನ್ಸ್‌ಗೆ ಹಾಜರಾಗದೆ ಇದ್ದರೆ ಕೇಸು ಎಲ್‌ಪಿಸಿ (ಬಹುಕಾಲದಿಂದ ಬಾಕಿ ಇರುವ ಕೇಸುಗಳ) ಪಟ್ಟಿಗೆ ಹೋಗಿ, ವಾರಂಟ್ ಬಾಕಿ ಇರುವ ಸಾಧ್ಯತೆ ಹೆಚ್ಚು. ಆಗ ವಕೀಲರ ಮೂಲಕ ವಾರಂಟ್ ರೀಕಾಲ್ ಅರ್ಜಿ ಹಾಕಿ ತಾವಾಗಿ ಹಾಜರಾಗುವುದೇ ಮೊದಲ ಕೆಲಸ. ಪೊಲೀಸರು ಬಿ ರಿಪೋರ್ಟ್ (ಕೇಸು ಮುಗಿಸಬಹುದು ಎಂಬ ವರದಿ) ಹಾಕಿದ್ದಾರೆ ಎಂದು ಕೇಳಿದ ಮಾತ್ರಕ್ಕೆ ನೆಮ್ಮದಿ ಬೇಡ. ಮ್ಯಾಜಿಸ್ಟ್ರೇಟರು ಅದನ್ನು ಒಪ್ಪಿ ಆದೇಶ ಬರೆಯುವ ತನಕ ಕೇಸು ಮುಗಿದಿಲ್ಲ. ದೂರುದಾರರು ತಕರಾರು ಸಲ್ಲಿಸಬಹುದು.

ಹೆಚ್ಚು ಜನ ಎಡವುವುದು ಇಲ್ಲಿ: "ತಪ್ಪು ಒಪ್ಕೊಂಡು ಫೈನ್ ಕಟ್ಟಿಬಿಡಿ, ಇವತ್ತೇ ಮುಗಿಯುತ್ತೆ" ಎಂಬ ಸಲಹೆ. ಆರೋಪ ಓದಿ ಹೇಳಿದಾಗ ಒಪ್ಪಿಕೊಂಡರೆ ಅಂದೇ ಮನೆಗೆ ಹೋಗಬಹುದು ನಿಜ. ಆದರೆ ಆ ದಂಡದ ರಸೀದಿಯ ಹಿಂದೆ ಇರುವುದು ಅಪರಾಧ ಸಾಬೀತು ಎಂಬ ತೀರ್ಪು. ಹೀಗೆ ಒಪ್ಪಿಕೊಂಡವರು ಸಾಮಾನ್ಯವಾಗಿ ಶಿಕ್ಷೆ ಹೆಚ್ಚಾಯಿತು ಎಂದಷ್ಟೇ ಮೇಲ್ಮನವಿ ಹಾಕಬಹುದು, ತಪ್ಪೇ ಮಾಡಿಲ್ಲ ಎಂದು ಹಾಕಲಾಗದು. ಸಾವಿರ ರೂಪಾಯಿ, ಒಂದು ದಿನ ಉಳಿಸಲು ಹೋಗಿ ಮಕ್ಕಳು ತಮ್ಮ ನೌಕರಿಯ ದಾರಿಗೆ ತಾವೇ ಕಲ್ಲು ಹಾಕಿಕೊಳ್ಳುವುದನ್ನು ತಂದೆತಾಯಿಯರು ತಡೆಯಬೇಕು.

ಇದಕ್ಕಿಂತ ಎಷ್ಟೋ ಮೇಲು ರಾಜಿ. ಸಾಧಾರಣ ಹೊಡೆತ (ಹಳೆಯ ದಂಡ ಸಂಹಿತೆ ಐಪಿಸಿಯ 323, ಈಗ ಅದರ ಬದಲಿಗೆ ಬಂದ ಬಿಎನ್‌ಎಸ್ 115(2)), ಕೆಣಕುವ ಅವಮಾನ (504, ಈಗ 352), ಅತಿಕ್ರಮ ಪ್ರವೇಶ (447, ಈಗ 329(3)) ಇಂಥವನ್ನು ನೊಂದವರು ರಾಜಿ ಮಾಡಿಕೊಳ್ಳಬಹುದು. ಇದಕ್ಕೆ ಆಧಾರ ಹಿಂದೆ ದಂಡ ಪ್ರಕ್ರಿಯಾ ಸಂಹಿತೆ (ಸಿಆರ್‌ಪಿಸಿ) 320, 2024ರ ಜುಲೈ 1ರಿಂದ ಅದರ ಬದಲಿಗೆ ಬಂದ ಬಿಎನ್‌ಎಸ್‌ಎಸ್ 359ನೇ ಕಲಂ. ಇಬ್ಬರೂ ಸಹಿ ಹಾಕಿದ ಜಂಟಿ ಅರ್ಜಿ ಮತ್ತು ಗುರುತಿನ ಚೀಟಿಯ ಪ್ರತಿ ಸಿದ್ಧವಿಟ್ಟುಕೊಳ್ಳಿ. ನ್ಯಾಯಾಧೀಶರು ದೂರುದಾರರನ್ನು ಕರೆದು, ಯಾರದಾದರೂ ಒತ್ತಡವಿದೆಯೇ ಎಂದು ಕೇಳುತ್ತಾರೆ. ಆಗ ದೂರುದಾರರು ಅಳುಕಿದರೆ ಅರ್ಜಿ ಅಲ್ಲೇ ನಿಂತುಬಿಡುತ್ತದೆ. ಒಪ್ಪಂದದ ಹಣ ಅಥವಾ ಬದುವಿನ ವಿಷಯವನ್ನು ಮೊದಲೇ ಬಗೆಹರಿಸಿಕೊಂಡು ಬನ್ನಿ. ಲೋಕ ಅದಾಲತ್‌ನಲ್ಲೂ ಇದನ್ನು ಮುಗಿಸಬಹುದು. ರಾಜಿ ದಾಖಲಾದರೆ ಕಾನೂನಿನ ಕಣ್ಣಲ್ಲಿ ಅದು ಖುಲಾಸೆಯೇ. ಶಿಕ್ಷೆಯಾಗಿ ಮೇಲ್ಮನವಿ ನಡೆಯುತ್ತಿದ್ದರೂ ಆ ನ್ಯಾಯಾಲಯದ ಅನುಮತಿ ಪಡೆದು ರಾಜಿ ಆಗಬಹುದು. ಮ್ಯಾಜಿಸ್ಟ್ರೇಟರ ತೀರ್ಪಿನ ವಿರುದ್ಧ ಸೆಷನ್ಸ್‌ಗೆ ಹೋಗಲು 30 ದಿನವಷ್ಟೇ ಇದೆ, ಮರೆಯಬೇಡಿ.

ಚಾರ್ಜ್‌ಶೀಟಿನಲ್ಲಿರುವ ಕಲಂಗಳನ್ನು ಒಂದೊಂದಾಗಿ ಓದಿ. ದೊಣ್ಣೆಯಿಂದಲೋ ಕತ್ತಿಯಿಂದಲೋ ಹೊಡೆದರೆಂದು ಹಳೆಯ ಐಪಿಸಿ 324 ಒಂದು ಸೇರಿದ್ದರೂ ಕೆಳಗಿನ ಕೋರ್ಟಿನಲ್ಲಿ ಪೂರ್ತಿ ರಾಜಿ ಆಗುವುದಿಲ್ಲ. ಆಗ ಹೈಕೋರ್ಟಿಗೆ ಬಿಎನ್‌ಎಸ್‌ಎಸ್ 528ರಡಿ (ಹಿಂದಿನ 482) ಕೇಸು ರದ್ದತಿ ಅರ್ಜಿ ಹಾಕಬೇಕು. ನಿಮ್ಮ ಜಿಲ್ಲೆಗೆ ತಕ್ಕಂತೆ ಬೆಂಗಳೂರು, ಧಾರವಾಡ ಅಥವಾ ಕಲಬುರಗಿ ಪೀಠ. ಖಾಸಗಿ ಜಗಳ ನಿಜಕ್ಕೂ ಬಗೆಹರಿದಿದ್ದರೆ ಇಂಥ ಕೇಸನ್ನೂ ಹೈಕೋರ್ಟ್ ರದ್ದು ಮಾಡಬಹುದು ಎಂದು ಸುಪ್ರೀಂ ಕೋರ್ಟ್ 2012ರಲ್ಲಿ ಗ್ಯಾನ್ ಸಿಂಗ್ ಪ್ರಕರಣದಲ್ಲಿ ಹೇಳಿದೆ. ರಾಜಿ ಇಲ್ಲದಿದ್ದರೂ ಒಂದು ದೋಷ ಹುಡುಕಿ: ಅಸಂಜ್ಞೇಯ (ಪೊಲೀಸರು ವಾರಂಟ್ ಇಲ್ಲದೆ ಬಂಧಿಸಲಾಗದ) ಅಪರಾಧವಷ್ಟೇ ಇದ್ದಾಗ ಮ್ಯಾಜಿಸ್ಟ್ರೇಟರ ಆದೇಶವಿಲ್ಲದೆ ಪೊಲೀಸರು ತನಿಖೆ ಮಾಡುವಂತಿಲ್ಲ.

ತೀರ್ಪು ನಿಮ್ಮ ವಿರುದ್ಧವೇ ಬರುವಂತಿದ್ದರೆ, ಶಿಕ್ಷೆ ಹೇಳುವ ಮುನ್ನ 1958ರ ಪ್ರೊಬೇಷನ್ ಕಾಯ್ದೆಯ ಲಾಭ ಕೊಡಿ ಎಂದು ಕೇಳಿ. ಶಿಕ್ಷೆಯ ಬದಲು 3ನೇ ಕಲಮಿನಡಿ ಎಚ್ಚರಿಕೆ, 4ನೇ ಕಲಮಿನಡಿ ಸನ್ನಡತೆಯ ಬಾಂಡ್. 12ನೇ ಕಲಂ ಆ ಶಿಕ್ಷೆಯಿಂದ ಬರುವ ಅನರ್ಹತೆಯನ್ನು ತೆಗೆಯುತ್ತದೆ, ತೀರ್ಪನ್ನಲ್ಲ. ಘಟನೆಯ ದಿನ 18 ತುಂಬಿರದಿದ್ದರೆ ದಾರಿ ಸುಲಭ: 2015ರ ಬಾಲನ್ಯಾಯ ಕಾಯ್ದೆಯ 24ನೇ ಕಲಂ ಪ್ರಕಾರ ಮೇಲ್ಮನವಿ ಅವಧಿ ಮುಗಿದ ಮೇಲೆ ದಾಖಲೆ ನಾಶ ಮಾಡಬೇಕು. ನಾಶಪಡಿಸುವ ಆದೇಶ ಆಗಿದೆಯೇ ಎಂದು ಬಾಲನ್ಯಾಯ ಮಂಡಳಿಯಲ್ಲಿ ಕೇಳಿ ನೋಡಿ.

ಆದೇಶ ಬಂದ ಮೇಲಿನ ಕೆಲಸವನ್ನು ಯಾರೂ ನಿಮಗಾಗಿ ಮಾಡುವುದಿಲ್ಲ. ನಕಲು ಶಾಖೆಯಿಂದ ಮೂರು ದೃಢೀಕೃತ ಪ್ರತಿ ತೆಗೆಸಿ. ಒಂದನ್ನು ಠಾಣೆಗೆ ಕೊಟ್ಟು, ದಾಖಲೆ ತಿದ್ದಲು ಕೋರಿದ ಅರ್ಜಿಯ ಇನ್ನೊಂದು ಪ್ರತಿಯ ಮೇಲೆ ಸೀಲು, ತಾರೀಕು ಹಾಕಿಸಿಕೊಳ್ಳಿ. ಬೆರಳಚ್ಚು ತೆಗೆದುಕೊಂಡಿದ್ದರೆ ಅದನ್ನೂ ಬರೆಯಿರಿ: 2022ರ ದಂಡ ಪ್ರಕ್ರಿಯಾ ಗುರುತಿಸುವಿಕೆ ಕಾಯ್ದೆಯ 4ನೇ ಕಲಮಿನಂತೆ, ಹಿಂದೆ ಜೈಲು ಶಿಕ್ಷೆಗೆ ಅರ್ಹವಾದ ಅಪರಾಧದಲ್ಲಿ ದೋಷಿಯಾಗಿರದವರು ಖುಲಾಸೆಯಾಗಿ ಮೇಲ್ಮನವಿಗಳೂ ಮುಗಿದ ಮೇಲೆ, ನ್ಯಾಯಾಲಯ ಬೇರೆ ಹೇಳದಿದ್ದರೆ ಅವನ್ನು ನಾಶ ಮಾಡಬೇಕು. ರೌಡಿ ಶೀಟ್ ಇದ್ದರೆ ಅದಕ್ಕೆ ಎಸ್‌ಪಿ ಅಥವಾ ಡಿಸಿಪಿಗೆ ಬೇರೆಯೇ ಮನವಿ. ಖುಲಾಸೆಯಾದ ಮಾತ್ರಕ್ಕೆ ಅದು ತಾನಾಗಿ ಹೋಗುವುದಿಲ್ಲ. ಕೇಸು ಇನ್ನೂ ನಡೆಯುತ್ತಿರುವಾಗಲೇ ಪಾಸ್‌ಪೋರ್ಟ್ ಬೇಕಾದರೆ ಆ ಕೋರ್ಟಿನಿಂದಲೇ ಅನುಮತಿ ಪಡೆಯಿರಿ. ಎಷ್ಟು ಅವಧಿ ಎಂದು ಆದೇಶದಲ್ಲಿ ಬರೆಸಿ, ಇಲ್ಲವಾದರೆ 1993ರ ಅಧಿಸೂಚನೆಯಂತೆ ಒಂದೇ ವರ್ಷಕ್ಕೆ ಸಿಗುತ್ತದೆ.

ನೌಕರಿಯ ಫಾರಂನಲ್ಲಿ ಎಂದಾದರೂ ಕೇಸು ದಾಖಲಾಗಿತ್ತೇ ಎಂದು ಕೇಳಿದ್ದರೆ ಹೌದು ಎಂದೇ ಬರೆದು, ಖುಲಾಸೆ ಆದೇಶ ಲಗತ್ತಿಸಿ. ಮುಚ್ಚಿಟ್ಟಿದ್ದು ಪತ್ತೆಯಾದರೆ, ಕೇಸು ಎಷ್ಟೇ ಸಣ್ಣದಿರಲಿ, ಮುಚ್ಚಿಟ್ಟಿದ್ದನ್ನೇ ಕಾರಣ ಮಾಡಿ ಕೆಲಸದಿಂದ ತೆಗೆಯುವ ಅಪಾಯವಿದೆ.